ಚೀನಾ ದೇಶದ ಚ್ಯೂ ಜಿನ್ ಎಂಬಾಕೆಯ ಚರಿತ್ರೆ



ನಮ್ಮ ಪಾಠಶಾಲೆಯ ಸ್ಮರಣ ಸಂಚಿಕೆಯಲ್ಲಿ ಒಬ್ಬ ಪ್ರಸಿದ್ಧ ಸ್ತ್ರೀಯ ಜೀವನಚರಿತ್ರೆಯನ್ನು ಬರೆಯುವುದು ಬಹುಕಾಲದಿಂದ ನಡೆದುಬಂದ ವಾಡಿಕೆ. ಫ್ಲಾರೆನ್ಸ್ ನೈಟಿಂಗೇಲ್ ಎಂಬಾಕೆಯ ಸಂಗತಿಯನ್ನೂ ಪಂಡಿತಾ ರಮಾಬಾಯಿಯವರ ಸಂಗತಿಯನ್ನೂ ನೀವು ಹಿಂದಿನ ಸಂಚಿಕೆಗಳಲ್ಲಿ ಓದಿರುವಿರಿ. ಈ ಸಾರಿ ನಾವು ಆರಿಸಿಕೊಂಡವಳು ಚೀನಾ ದೇಶದವಳು. ಆಕೆಯು ಕ್ರೈಸ್ತಳಲ್ಲ; ಮಿಶನ್ ಶಾಲೆಯಲ್ಲಿ ಕಲಿತವಳೂ ಅಲ್ಲ. ಗಂಡನ ಮನೆಯನ್ನು ಬಿಟ್ಟವಳು, ಖಡ್ಗವನ್ನು ಹಿಡಿದವಳು, ಮೂವತ್ತೆರಡು ವರುಷ ತುಂಬುವ ಮೊದಲೇ ರಾಜದ್ರೋಹದ ಅಪರಾಧಕ್ಕಾಗಿ ಶಿರಚ್ಛೇದನವನ್ನು ಹೊಂದಿದವಳು. ಇಂಥವಳ ಚರಿತ್ರೆಯು ಹೆಣ್ಣುಮಕ್ಕಳ ಶಾಲೆಯ ಸಂಚಿಕೆಗೆ ತಕ್ಕದ್ದೋ ಎಂದು ನಮ್ಮ ಉಪಾಧ್ಯಾಯಿನಿಯರಲ್ಲಿ ಕೆಲವರು ಸಂಶಯಪಟ್ಟರು. ನಾವೂ ಸಂಶಯಪಟ್ಟೆವು. ಆದರೆ ಆಕೆಯು ತನ್ನ ಕಡೆಯ ದಿನಗಳಲ್ಲಿ ಒಂದು ಪಾಠಶಾಲೆಯ ಮುಖ್ಯಸ್ಥೆಯಾಗಿದ್ದಳು, ಆ ಶಾಲೆಯಲ್ಲಿಯೇ ಹಿಡಿಯಲ್ಪಟ್ಟಳು ಎಂಬದನ್ನು ತಿಳಿದ ಮೇಲೆ ಆಕೆಯನ್ನು ಬಿಟ್ಟು ಮತ್ತೊಬ್ಬಳ ಕುರಿತು ಬರೆಯಲು ನಮ್ಮ ಮನಸ್ಸು ಒಪ್ಪಲಿಲ್ಲ. ಶಾಲೆಯ ಬೀಗದ ಕೈಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುವವರಿಗೆ ಆ ಸಂಗತಿಯು ಬೇರೆ ರೀತಿಯಲ್ಲಿ ಮನಸ್ಸಿಗೆ ತಟ್ಟುವದು.

ಆಕೆಯ ವಂಶದವರು ಜೆಜಿಯಾಂಗ್ ಪ್ರಾಂತದ ಷಾವ್‌ಶಿಂಗ್ ಪಟ್ಟಣದವರು. ತಲೆತಲಾಂತರದಿಂದ ಪರೀಕ್ಷೆಗಳಲ್ಲಿ ತೇರ್ಗಡೆ ಹೊಂದಿ ಸರಕಾರದ ಉದ್ಯೋಗದಲ್ಲಿದ್ದ ವಿದ್ಯಾವಂತರು. ಆಕೆಯ ಅಜ್ಜನು ದಕ್ಷಿಣ ಕರಾವಳಿಯ ಫುಜಿಯನ್ ಪ್ರಾಂತದಲ್ಲಿ ಅಧಿಕಾರದಲ್ಲಿದ್ದಾಗ 1875ನೆಯ ಇಸವಿ ನವೆಂಬರ್ 8ರಂದು ಆಕೆಯು ಹುಟ್ಟಿದಳು. ಮನೆಯವರು ಇಟ್ಟ ಹೆಸರು ಚ್ಯೂ ಗುಯಿಜಿನ್. ಚೀನೀಯರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಚ್ಯೂ ಎಂದರೆ ಶರತ್ಕಾಲವೆಂದು ಅರ್ಥ. ಜಿನ್ ಎಂಬದು ಒಂದು ಬಗೆಯ ಬೆಲೆಯುಳ್ಳ ಕಲ್ಲು. ನಡುವೆ ಇರುವ ಗುಯಿ ಎಂಬ ಅಕ್ಷರಕ್ಕೆ ಮನೆಯ ಒಳಗಡೆ ಹೆಂಗಸರು ವಾಸಿಸುವ ಕೋಣೆ, ಅಂದರೆ ಅಂತಃಪುರ, ಎಂಬ ಅರ್ಥವುಂಟು. ಈ ನಡುವಿನ ಅಕ್ಷರವನ್ನು ವಾಚಕರು ಜ್ಞಾಪಕದಲ್ಲಿಟ್ಟುಕೊಳ್ಳಬೇಕು; ಮುಂದೆ ಅದರ ಮಾತು ಬರಲಿದೆ.

ಆ ಕಾಲದ ಚೀನಾ ದೇಶದಲ್ಲಿ ಹೆಣ್ಣಿನ ನಿಲುಕು ಎಂಥದಾಗಿತ್ತೆಂಬದನ್ನು ತಿಳಿಯದೆ ಈ ಚರಿತ್ರೆಯು ಅರ್ಥವಾಗದು. ಚಿಕ್ಕಂದಿನಲ್ಲಿ ತಂದೆಗೂ, ಮದುವೆಯಾದ ಮೇಲೆ ಗಂಡನಿಗೂ, ಗಂಡನು ಸತ್ತ ಮೇಲೆ ಮಗನಿಗೂ ವಿಧೇಯಳಾಗಿರಬೇಕೆಂಬದು ಅಲ್ಲಿಯ ಧರ್ಮಶಾಸ್ತ್ರ. ಇದು ನಮ್ಮ ದೇಶದವರ ಕಿವಿಗೆ ಹೊಸದಾಗಿ ಕೇಳಿಸಲಾರದು. ಹೊಸದಾಗಿ ಕೇಳಿಸುವದು ಪಾದ ಕಟ್ಟುವ ಪದ್ಧತಿ. ಹುಡುಗಿಗೆ ಐದಾರು ವರುಷವಾದೊಡನೆ ತಾಯಿಯೋ ಅಜ್ಜಿಯೋ ಆಕೆಯ ಪಾದದ ಹೆಬ್ಬೆರಳನ್ನು ಬಿಟ್ಟು ಉಳಿದ ನಾಲ್ಕು ಬೆರಳುಗಳನ್ನು ಅಂಗಾಲಿನ ಕಡೆಗೆ ಮಡಿಸಿ, ಉದ್ದವಾದ ಬಟ್ಟೆಯ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ದಿನದಿಂದ ದಿನಕ್ಕೆ ಇನ್ನಷ್ಟು ಬಿಗಿಮಾಡುತ್ತಿದ್ದಳು. ಮೂಳೆ ಮುರಿಯುತ್ತಿತ್ತು; ಕೀವು ತುಂಬುತ್ತಿತ್ತು; ಎಷ್ಟೋ ರಾತ್ರಿ ಮಗುವು ನಿದ್ದೆಯಿಲ್ಲದೆ ಅಳುತ್ತಿತ್ತು. ಮೂರು ಅಂಗುಲದ ಪಾದವೇ ಅತ್ಯಂತ ಸುಂದರವೆಂದು ಗಂಡಸರು ಹೊಗಳುತ್ತಿದ್ದರು. ದೊಡ್ಡ ಪಾದದ ಹುಡುಗಿಗೆ ಒಳ್ಳೆಯ ಮನೆತನದ ವರನು ಸಿಕ್ಕುತ್ತಿರಲಿಲ್ಲವಾದಕಾರಣ ತಾಯಿಯು ಕಣ್ಣೀರು ಸುರಿಸುತ್ತಲೇ ಈ ಕೆಲಸವನ್ನು ಮಾಡುತ್ತಿದ್ದಳು. ಕ್ರೂರತನದಿಂದಲ್ಲ, ಮಗಳ ಮೇಲಿನ ಪ್ರೀತಿಯಿಂದಲೇ ಮಾಡುತ್ತಿದ್ದಳೆಂಬದು ನಮಗೆ ಅತ್ಯಂತ ಭಯಂಕರವಾಗಿ ತೋರುತ್ತದೆ. ಚ್ಯೂ ಜಿನ್‌ಳ ಪಾದಗಳೂ ಹಾಗೆಯೇ ಕಟ್ಟಲ್ಪಟ್ಟವು.

ಆಕೆಯು ಹುಟ್ಟಿದ ಅದೇ ಸಮಯದಲ್ಲಿ, ಅದೇ ಪ್ರಾಂತದ ಶ್ಯಾಮೆನ್ ಎಂಬ ಬಂದರಿನಲ್ಲಿ, ಲಂಡನ್ ಮಿಶನಿನ ಜಾನ್ ಮೆಕ್‌ಗೋವನ್ ಎಂಬ ಬೋಧಕರು ಈ ಪದ್ಧತಿಗೆ ವಿರೋಧವಾಗಿ ಕ್ರೈಸ್ತ ತಾಯಂದಿರ ಒಂದು ಸಂಘವನ್ನು ಸ್ಥಾಪಿಸಿದರು. ನಮ್ಮ ಬಳ್ಳಾರಿಯಲ್ಲಿಯೂ ಬೆಂಗಳೂರಿನಲ್ಲಿಯೂ ಕೆಲಸ ಮಾಡಿದ ಮಿಶನ್ ಅದೇ. ಆಕೆಯ ಪೂರ್ವಿಕರ ಜೆಜಿಯಾಂಗ್ ಪ್ರಾಂತದ ನಿಂಗ್ಬೋ ಎಂಬಲ್ಲಿ 1844ರಷ್ಟು ಹಿಂದೆಯೇ ಮೇರಿ ಆನ್ ಆಲ್ಡರ್ಸಿ ಎಂಬ ಆಂಗ್ಲ ಸ್ತ್ರೀಯು ಹೆಣ್ಣುಮಕ್ಕಳಿಗೋಸ್ಕರ ಶಾಲೆಯನ್ನು ತೆರೆದಿದ್ದಳು. ಮಿಶನಿನ ಹೆಣ್ಣುಮಕ್ಕಳ ಶಾಲೆಗಳಲ್ಲಿ ಚೀನಾ ದೇಶದಲ್ಲಿ ಅದೇ ಮೊದಲನೆಯದು. ಆದರೆ ಅಧಿಕಾರಿಗಳ ಮನೆಗಳು ಮಿಶನಿನವರಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಈ ಶಾಲೆಗಳಿಗೆ ಬಂದವರು ಹೆಚ್ಚಾಗಿ ಬಡವರ ಮಕ್ಕಳು, ಅನಾಥರು. ಆದಕಾರಣ ಸಮೀಪದಲ್ಲಿದ್ದ ಬೆಳಕು ಚ್ಯೂ ಜಿನ್‌ಳ ಮನೆಯೊಳಗೆ ಬೀಳಲಿಲ್ಲ.

ಆದಾಗ್ಯೂ ಆಕೆಯ ತಂದೆತಾಯಿಗಳು ಒಂದು ವಿಷಯದಲ್ಲಿ ಉದಾರಿಗಳಾಗಿದ್ದರು. ಅಣ್ಣನೊಡನೆ ಕುಳಿತು ಓದುಬರಹ ಕಲಿಯಲು ಆಕೆಗೆ ಅಪ್ಪಣೆ ಸಿಕ್ಕಿತು. ಹೆಣ್ಣಿಗೆ ವಿದ್ಯೆಯಿಲ್ಲದಿರುವದೇ ಸದ್ಗುಣವೆಂದು ಹೇಳುವ ಗಾದೆಯು ಪ್ರಚಾರದಲ್ಲಿದ್ದ ದೇಶದಲ್ಲಿ ಇದು ಸಣ್ಣ ಮಾತಲ್ಲ. ಕಸೂತಿಯನ್ನೂ ಕಲಿತಳು, ಪದ್ಯಗಳನ್ನೂ ಕಟ್ಟತೊಡಗಿದಳು. ತಾಯಿಯ ತೌರುಮನೆಯವರ ಹತ್ತಿರ ಕುದುರೆ ಸವಾರಿಯನ್ನೂ ಕತ್ತಿವರಸೆಯನ್ನೂ ಅಭ್ಯಾಸ ಮಾಡಿದಳು. ಕಟ್ಟಿದ ಪಾದಗಳಿಂದ ನೆಲದ ಮೇಲೆ ನಡೆಯುವದೇ ಕಷ್ಟ. ಕುದುರೆಯ ಮೇಲಾದರೋ ಆಕೆಯು ಎಲ್ಲರಿಗೂ ಸಮಾನಳು. ಹಳೆಯ ಕಥೆಗಳಲ್ಲಿ ಬರುವ ಮುಲಾನ್ ಎಂಬ ವೀರಕನ್ಯೆಯು, ಮುದಿ ತಂದೆಯ ಬದಲಾಗಿ ಗಂಡುವೇಷದಿಂದ ಸೈನ್ಯಕ್ಕೆ ಹೋದವಳು, ಆಕೆಗೆ ಬಹಳ ಇಷ್ಟವಾದವಳು.

1896ರಲ್ಲಿ ಹಿರಿಯರು ಆಕೆಯ ಮದುವೆಯನ್ನು ನಿಶ್ಚಯಿಸಿದರು. ವರನು ಹುನಾನ್ ಪ್ರಾಂತದ ಶಿಯಾಂಗ್‌ಟಾನ್ ಪಟ್ಟಣದ ಐಶ್ವರ್ಯವಂತ ವ್ಯಾಪಾರಿಯ ಮಗನಾದ ವಾಂಗ್ ಟಿಂಗ್‌ಜುನ್. 1897ರಲ್ಲಿ ಒಬ್ಬ ಮಗನೂ 1901ರಲ್ಲಿ ಒಬ್ಬ ಮಗಳೂ ಹುಟ್ಟಿದರು. ಗಂಡನು ಹಣ ಕೊಟ್ಟು ರಾಜಧಾನಿಯಾದ ಪೆಕಿಂಗಿನಲ್ಲಿ ಒಂದು ಉದ್ಯೋಗವನ್ನು ಸಂಪಾದಿಸಿಕೊಂಡನು. ಸಂಸಾರವು ಅಲ್ಲಿಗೆ ಹೋಯಿತು. ಆತನಿಗೆ ಭೋಜನಕೂಟ, ಗಾಯನ, ವಿನೋದ ಇವುಗಳಲ್ಲಿ ಆಸಕ್ತಿ, ಪುಸ್ತಕಗಳಲ್ಲಿಲ್ಲ. ಆಕೆಯು ತನ್ನ ಪದ್ಯಗಳಲ್ಲಿಯೂ ಅಣ್ಣನಿಗೆ ಬರೆದ ಪತ್ರಗಳಲ್ಲಿಯೂ ಗಂಡನನ್ನು ಬಹಳ ಕಠಿಣವಾಗಿ ದೂಷಿಸಿದ್ದಾಳೆ. ನಮಗೆ ಉಳಿದಿರುವದು ಆಕೆಯ ಮಾತು ಮಾತ್ರ. ವಾಂಗನ ಮಾತನ್ನು ಯಾರೂ ಕೇಳಿ ಬರೆದಿಡಲಿಲ್ಲ. ಆತನು ಆ ಕಾಲದ ಬೇರೆ ಶ್ರೀಮಂತ ಯುವಕರಿಗಿಂತ ಕೆಟ್ಟವನಾಗಿದ್ದನೆಂದು ತೋರುವದಿಲ್ಲ. ಆದರೆ ಬೇರೆಯವರಿಗಿಂತ ಕೆಟ್ಟವನಲ್ಲದ ಗಂಡನ ಸಂಗಡ ಬಾಳುವದೂ ಕೆಲವು ಹೆಂಗಸರಿಗೆ ಉಸಿರುಕಟ್ಟಿದಂತಾಗುವದುಂಟು. ಈ ಮಾತನ್ನು ಮದುವೆಯಾಗಿ ಹೋದ ನಮ್ಮ ಹಳೆಯ ವಿದ್ಯಾರ್ಥಿನಿಯರು ನಮಗಿಂತ ಚೆನ್ನಾಗಿ ಬಲ್ಲರು.

ಪೆಕಿಂಗ್ ನಗರವು ಆಗ ಗಾಯಗೊಂಡಿದ್ದ ನಗರ. 1900ರ ಬಾಕ್ಸರ್ ದಂಗೆಯಲ್ಲಿ ಪರದೇಶೀಯರೂ ಚೀನೀ ಕ್ರೈಸ್ತರೂ ಅನೇಕರು ಕೊಲ್ಲಲ್ಪಟ್ಟರು. ಬಳಿಕ ಎಂಟು ರಾಷ್ಟ್ರಗಳ ಸೈನ್ಯವು ನಗರವನ್ನು ಹೊಕ್ಕು ಸೂರೆಮಾಡಿತು. ರಾಜ್ಯವಾಳುತ್ತಿದ್ದ ಮಂಚು ವಂಶದವರು ದೇಶವನ್ನು ಕಾಪಾಡಲಾರರೆಂಬದು ಎಲ್ಲರಿಗೂ ಪ್ರತ್ಯಕ್ಷವಾಯಿತು. ನೆರೆಮನೆಯಲ್ಲಿದ್ದ ವೂ ಜಿಯಿಂಗ್ ಎಂಬ ವಿದ್ಯಾವತಿಯು, ಅಂದವಾದ ಲಿಪಿಗಾಗಿ ದೇಶದಲ್ಲೆಲ್ಲಾ ಹೆಸರಾದವಳು, ಚ್ಯೂ ಜಿನ್‌ಳಿಗೆ ಹೊಸ ಪತ್ರಿಕೆಗಳನ್ನೂ ಪುಸ್ತಕಗಳನ್ನೂ ಕೊಟ್ಟಳು. ಇಬ್ಬರೂ ಅಕ್ಕತಂಗಿಯರಾಗಿರುವೆವೆಂದು ಪ್ರಮಾಣ ಮಾಡಿಕೊಂಡರು. ಅವರು ಓದಿದ ಲೇಖಕರಲ್ಲಿ ಮುಖ್ಯನು ಲಿಯಾಂಗ್ ಚಿಚಾವ್. ದೇಶದ ಅರ್ಧದಷ್ಟು ಜನರು ಏನನ್ನೂ ಉತ್ಪತ್ತಿ ಮಾಡದೆ ಇತರರ ದುಡಿತದಿಂದ ಉಣ್ಣುವದೇ ಚೀನಾ ದೇಶದ ಬಡತನಕ್ಕೆ ಕಾರಣ, ಆದುದರಿಂದ ಹೆಂಗಸರಿಗೆ ವಿದ್ಯೆಯನ್ನು ಕೊಡಬೇಕು ಎಂದು ಆತನು ವಾದಿಸಿದ್ದನು. 1898ರಲ್ಲಿ ಶಾಂಗೈ ಪಟ್ಟಣದಲ್ಲಿ ಚೀನೀಯರೇ ನಡಿಸುವ ಹೆಣ್ಣುಮಕ್ಕಳ ಶಾಲೆಯೊಂದು ಪ್ರಾರಂಭವಾಗಿತ್ತು. ಆದರೆ ಈ ಸುಧಾರಕರ ಉದ್ದೇಶವು ಒಳ್ಳೆಯ ಹೆಂಡತಿಯರನ್ನೂ ಬುದ್ಧಿವಂತ ತಾಯಂದಿರನ್ನೂ ಸಿದ್ಧಮಾಡುವದಾಗಿತ್ತು. ಮನೆಯಲ್ಲಿ ಪುಟ್ಟ ಹೊಲಿಗೆ, ದುಡಿಯುವ ಹೊಲದಲ್ಲಿ ಬೆವರು, ಇವೆಲ್ಲವನ್ನೂ ಮಾಡುತ್ತಿದ್ದ ಕೋಟಿಗಟ್ಟಳೆ ಹೆಂಗಸರು ಏನನ್ನೂ ಉತ್ಪತ್ತಿ ಮಾಡುವದಿಲ್ಲವೆಂದು ಒಬ್ಬ ಪಂಡಿತನು ಹೇಗೆ ಬರೆದಾನೆಂಬದು ನಮಗೆ ತಿಳಿಯದು. ಆ ವಿಚಾರವು ಹಾಗಿರಲಿ.

ಒಂದು ಸಂಜೆ ಗಂಡನು ಮನೆಗೆ ಅತಿಥಿಗಳನ್ನು ಕರೆಯುವೆನೆಂದು ಹೇಳಿ, ಆಕೆಯು ಎಲ್ಲವನ್ನೂ ಅಣಿಮಾಡಿದ ಮೇಲೆ, ತಾನು ಬೇರೆ ಕಡೆಗೆ ವಿನೋದಕ್ಕೆ ಹೊರಟುಹೋದನು. ಆಕೆಯು ಗಂಡಸಿನ ಉಡುಪನ್ನು ತೊಟ್ಟು ನಾಟಕಶಾಲೆಗೆ ಹೋದಳು. ಹಿಂದಿರುಗಿದಾಗ ಆತನು ಹೊಡೆದನೆಂದೂ ಆಕೆಯು ಮನೆಬಿಟ್ಟು ಛತ್ರವೊಂದರಲ್ಲಿ ಉಳಿದಳೆಂದೂ ಆಕೆಯ ಚರಿತ್ರೆಕಾರರು ಹೇಳುತ್ತಾರೆ. ಮುಂದೆ ಆಕೆಯು ಜಪಾನಿಗೆ ಹೋಗಿ ಓದಬೇಕೆಂದು ನಿರ್ಧರಿಸಿದಳು. ಗಂಡನು ತಡೆಯಲು ಯತ್ನಿಸಿದನು. ಆಕೆಯು ತನ್ನ ಒಡವೆಗಳನ್ನು ಮಾರಿದಳು. ಆ ಹಣದಲ್ಲಿಯೂ ಒಂದು ಪಾಲನ್ನು, ಸೆರೆಮನೆಯಲ್ಲಿದ್ದ ವಾಂಗ್ ಝಾವ್ ಎಂಬ ಸುಧಾರಕನ ಬಿಡುಗಡೆಗೋಸ್ಕರ, ತನ್ನ ಹೆಸರನ್ನು ತಿಳಿಸಬಾರದೆಂದು ಹೇಳಿ ಕಳುಹಿಸಿಕೊಟ್ಟಳು. ಆತನ ಮುಖವನ್ನು ಆಕೆಯು ನೋಡಿರಲಿಲ್ಲ. 1904ನೆಯ ಇಸವಿ ಬೇಸಗೆಯಲ್ಲಿ ಹಡಗು ಹತ್ತಿದಳು. ಮಗನಿಗೆ ಆಗ ಏಳು ವರುಷ, ಮಗಳಿಗೆ ಮೂರು.

ಇಲ್ಲಿ ನಾವು ಸ್ವಲ್ಪ ನಿಲ್ಲುತ್ತೇವೆ. ಮಕ್ಕಳನ್ನು ಬಿಟ್ಟುಹೋದ ತಾಯಿಯನ್ನು ಹೊಗಳಲು ನಮ್ಮ ಲೇಖಣಿಯು ಒಪ್ಪುವದಿಲ್ಲ. ಆಕೆಯನ್ನು ಪೂಜಿಸುವವರು ಈ ಸಂಗತಿಯನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಆದರೆ ಆ ದೇಶದ ಕಟ್ಟಳೆಯ ಪ್ರಕಾರ ಮಕ್ಕಳು ತಂದೆಯ ಮನೆತನಕ್ಕೆ ಸೇರಿದವರು. ಮನೆಬಿಟ್ಟು ಹೋಗುವ ಹೆಂಗಸು ಮಕ್ಕಳನ್ನು ಸಂಗಡ ಒಯ್ಯುವ ಹಕ್ಕುಳ್ಳವಳಲ್ಲ. ಗಂಡಸರಾದ ಸಾವಿರಾರು ಚೀನೀ ವಿದ್ಯಾರ್ಥಿಗಳು ಅದೇ ವರುಷಗಳಲ್ಲಿ ಹೆಂಡಿರುಮಕ್ಕಳನ್ನು ಊರಲ್ಲಿ ಬಿಟ್ಟು ಜಪಾನಿಗೆ ಹೋದರು. ಅವರನ್ನು ಯಾರೂ ಕೇಳಲಿಲ್ಲ. ಇಷ್ಟನ್ನು ಹೇಳಿದ ಮೇಲೂ ಆ ಮೂರು ವರುಷದ ಮಗಳ ಸಂಗತಿಯು ನಮ್ಮ ಮನಸ್ಸಿನಿಂದ ಹೋಗುವದಿಲ್ಲ. ಆದುದರಿಂದ ಕಡೆಯಲ್ಲಿ ಅವಳ ಬಳಿಗೆ ತಿರಿಗಿ ಬರುವೆವು.

ತೋಕಿಯೋ ನಗರದಲ್ಲಿ ಚ್ಯೂ ಜಿನ್‌ಳು ಮೊದಲು ಜಪಾನೀ ಭಾಷೆಯನ್ನು ಕಲಿತು, 1905ರಲ್ಲಿ ಜಿಸ್ಸೆನ್ ಎಂಬ ಹೆಣ್ಣುಮಕ್ಕಳ ಶಾಲೆಯನ್ನು ಸೇರಿದಳು. ಅದನ್ನು ಸ್ಥಾಪಿಸಿದ ಶಿಮೊದಾ ಉತಾಕೊ ಎಂಬಾಕೆಯು ರಾಜಪುತ್ರಿಯರಿಗೆ ಪಾಠ ಹೇಳಿದವಳು, ಯುರೋಪಿನಲ್ಲಿ ಸಂಚರಿಸಿ ಅಲ್ಲಿಯ ಶಾಲೆಗಳನ್ನು ನೋಡಿಬಂದವಳು. ಚೀನೀ ಹುಡುಗಿಯರಿಗೋಸ್ಕರ ಆಕೆಯು ಒಂದು ಪ್ರತ್ಯೇಕ ವಿಭಾಗವನ್ನು ನಡಿಸುತ್ತಿದ್ದಳು, ಶಿಸ್ತು ಬಹಳ. ಅಲ್ಲಿಯೂ ಬೋಧಿಸುತ್ತಿದ್ದದ್ದು ಒಳ್ಳೆಯ ಹೆಂಡತಿ, ಬುದ್ಧಿವಂತ ತಾಯಿ ಎಂಬ ಆದರ್ಶವನ್ನೇ. ಜಪಾನಿನಲ್ಲಿ ಚ್ಯೂ ಜಿನ್‌ಳು ತನ್ನ ಪಾದದ ಪಟ್ಟಿಗಳನ್ನು ಬಿಚ್ಚಿಹಾಕಿದಳು. ಮುರಿದು ಬಾಗಿದ ಮೂಳೆಗಳು ಪಟ್ಟಿ ಬಿಚ್ಚಿದ ಮಾತ್ರಕ್ಕೆ ನೆಟ್ಟಗಾಗುವದಿಲ್ಲ. ಬಿಚ್ಚುವಾಗಿನ ನೋವು ಕಟ್ಟುವಾಗಿನ ನೋವಿಗೆ ಕಡಿಮೆಯಲ್ಲವೆಂದು ಅನುಭವಿಸಿದವರು ಹೇಳಿದ್ದಾರೆ. ಅಲ್ಲಿಯೇ ತನ್ನ ಹೆಸರಿನ ನಡುವಿನ ಗುಯಿ ಎಂಬ ಅಕ್ಷರವನ್ನೂ, ಆ ಅಂತಃಪುರದ ಅಕ್ಷರವನ್ನು, ತೆಗೆದುಹಾಕಿದಳು. ಅಂದಿನಿಂದ ಆಕೆಯು ಬರೇ ಚ್ಯೂ ಜಿನ್. ಇದಲ್ಲದೆ ಜಿಂಗ್‌ಶಿಯುಂಗ್, ಅಂದರೆ ಗಂಡಸರಿಗೆ ಸರಿಸಾಟಿಯಾಗಿ ನಿಲ್ಲುವವಳು, ಎಂಬ ಹೆಸರನ್ನೂ ತನಗೆ ತಾನೇ ಇಟ್ಟುಕೊಂಡಳು.

ಜಪಾನಿನಲ್ಲಿದ್ದ ಚೀನೀ ವಿದ್ಯಾರ್ಥಿಗಳೊಳಗೆ ಮಂಚು ಆಳಿಕೆಯನ್ನು ಕೆಡವಬೇಕೆಂಬ ಗುಪ್ತ ಸಂಘಗಳು ಹುಟ್ಟಿದ್ದವು. 1905ರಲ್ಲಿ ಸನ್ ಯಾತ್ ಸೆನ್ ಎಂಬವರ ಮುಖಂಡತನದಲ್ಲಿ ಏರ್ಪಟ್ಟ ಸಂಘವನ್ನು ಆಕೆಯು ಸೇರಿದಳು. ಆಕೆಯು ಸಭೆಗಳಲ್ಲಿ ಮಾತಾಡಿದಳು. ಆಡುಮಾತಿನಲ್ಲಿ ಒಂದು ಪತ್ರಿಕೆಯನ್ನು ಹೊರಡಿಸಿದಳು. ಕಠಾರಿಯನ್ನು ಹಿಡಿದು ತೆಗೆಯಿಸಿಕೊಂಡ ಆಕೆಯ ಛಾಯಾಚಿತ್ರವೂ, ಗಂಡಸರ ಉಡುಪಿನಲ್ಲಿರುವ ಛಾಯಾಚಿತ್ರವೂ ಪ್ರಸಿದ್ಧವಾಗಿವೆ. ಆ ವರುಷದ ಕೊನೆಯಲ್ಲಿ ಜಪಾನ್ ಸರಕಾರವು ಚೀನೀ ವಿದ್ಯಾರ್ಥಿಗಳ ಮೇಲೆ ಕಟ್ಟುನಿಟ್ಟುಗಳನ್ನು ಹಾಕಿದಾಗ ಅನೇಕರು ಸಿಟ್ಟಿನಿಂದ ಊರಿಗೆ ಹಿಂದಿರುಗಿದರು. ಆಕೆಯೂ ಹಿಂದಿರುಗಿದಳು.

1906ರಲ್ಲಿ ಆಕೆಯು ಉಪಾಧ್ಯಾಯಿನಿಯಾದಳು. ಜೆಜಿಯಾಂಗ್ ಪ್ರಾಂತದ ನಾನ್‌ಶುನ್ ಎಂಬ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಜಪಾನೀ ಭಾಷೆ, ವಿಜ್ಞಾನ, ಆರೋಗ್ಯಶಾಸ್ತ್ರ ಇವುಗಳನ್ನು ಕಲಿಸಿದಳು. ಆ ಶಾಲೆಯ ಮುಖ್ಯಸ್ಥೆಯಾದ ಶ್ಯೂ ಜಿಹುವಾ ಎಂಬಾಕೆಯು ಮದುವೆಯಾಗಿ ಕೆಲವೇ ವರುಷಗಳಲ್ಲಿ ಗಂಡನನ್ನು ಕಳಕೊಂಡ ವಿಧವೆ, ಒಳ್ಳೆಯ ಕವಿ, ಸ್ವಭಾವದಲ್ಲಿ ಬಹು ಸೌಮ್ಯಳು. ಬೆಂಕಿಗೂ ನೀರಿಗೂ ಸ್ನೇಹ ಬೆಳೆದ ಹಾಗೆ ಇವರಿಬ್ಬರಿಗೂ ಸ್ನೇಹ ಬೆಳೆಯಿತು. ಚ್ಯೂ ಜಿನ್‌ಳ ಮಾತುಗಳು ಊರಿನ ಹಿರಿಯರಿಗೆ ಸರಿಬೀಳಲಿಲ್ಲವಾದುದರಿಂದ ಕೆಲವು ತಿಂಗಳಲ್ಲಿಯೇ ಆಕೆಯು ಅಲ್ಲಿಂದ ಹೊರಡಬೇಕಾಯಿತು. ಸ್ನೇಹಿತೆಯೂ ತನ್ನ ಕೆಲಸವನ್ನು ಬಿಟ್ಟಳು.

ಬಳಿಕ ಆಕೆಯು ಶಾಂಗೈ ಪಟ್ಟಣದಲ್ಲಿ ಚೀನೀ ಸ್ತ್ರೀಯರಿಗೋಸ್ಕರ ಒಂದು ಪತ್ರಿಕೆಯನ್ನು ಹೊರಡಿಸಿದಳು. ಹತ್ತು ಸಾವಿರ ನಾಣ್ಯಗಳ ಮೂಲಧನವನ್ನು ಕೂಡಿಸಲು ಪಾಲುದಾರರನ್ನು ಕರೆದಳು, ಬಂದವರು ಬೆರಳೆಣಿಕೆಯಷ್ಟು. ಶ್ಯೂ ಜಿಹುವಾಳೂ ಆಕೆಯ ತಂಗಿಯೂ ಕೊಟ್ಟ ಹಣದಿಂದ 1907ರ ಜನವರಿ ತಿಂಗಳಲ್ಲಿ ಮೊದಲನೆಯ ಸಂಚಿಕೆಯು ಹೊರಬಿತ್ತು, ಮಾರ್ಚಿಯಲ್ಲಿ ಎರಡನೆಯದು. ಮೂರನೆಯದು ಬರಲೇ ಇಲ್ಲ. ಆದರೂ ಆ ಎರಡು ಸಂಚಿಕೆಗಳಲ್ಲಿ ಆಕೆಯ ನಿಜವಾದ ಕೆಲಸವು ಅಡಗಿದೆಯೆಂದು ನಮ್ಮ ಅಭಿಪ್ರಾಯ. ಪಂಡಿತರ ಕಠಿಣ ಭಾಷೆಯು ಅರೆಕಲಿತ ಹೆಂಗಸರಿಗೆ ತಿಳಿಯಲಾರದೆಂದು ಆಕೆಯು ಅಡಿಗೆಮನೆಯ ಮಾತಿನಲ್ಲಿ ಬರೆದಳು. ಸುಧಾರಕರು ಹೆಣ್ಣಿಗೆ ವಿದ್ಯೆ ಬೇಕೆಂದದ್ದು ಗಂಡನಿಗೋಸ್ಕರ, ಮಗನಿಗೋಸ್ಕರ, ದೇಶಕ್ಕೋಸ್ಕರ; ಆಕೆಯು ಹೇಳಿದ್ದು ಹೆಣ್ಣು ತನಗೋಸ್ಕರವೂ ಕಲಿಯಬೇಕೆಂದು. ಕೈಕಾಲಿನ ಬಳೆ ಚಿನ್ನದ್ದಾದರೂ ಬೇರೆಯವನು ಹಾಕಿದ್ದಾದರೆ ಅದು ಸಂಕೋಲೆಯೇ ಎಂಬ ಅರ್ಥದ ಮಾತುಗಳನ್ನು ಬರೆದಳು. ಹೆಣ್ಣು ಶಾಲೆಗೆ ಹೋಗಿ, ಒಂದು ಕೆಲಸವನ್ನು ಕಲಿತು, ಉಪಾಧ್ಯಾಯಿನಿಯಾಗಿಯೋ ಕಾರ್ಖಾನೆಯಲ್ಲಿಯೋ ದುಡಿದು ತನ್ನ ಅನ್ನವನ್ನು ತಾನು ಸಂಪಾದಿಸಿದರೆ ಮನೆಯಲ್ಲಿ ಮರ್ಯಾದೆಯೂ ಮನಸ್ಸಿಗೆ ಸ್ವಾತಂತ್ರ್ಯವೂ ದೊರೆಯುವದೆಂದು ಬಿಡಿಸಿ ತೋರಿಸಿದಳು. ರೋಗಿಗಳ ಆರೈಕೆಯ ವಿಷಯವಾದ ಒಂದು ಪಾಠಪುಸ್ತಕವನ್ನು ಜಪಾನೀ ಭಾಷೆಯಿಂದ ತರ್ಜುಮೆ ಮಾಡಿ ಅದೇ ಪತ್ರಿಕೆಯಲ್ಲಿ ಅಚ್ಚುಹಾಕಿಸಲು ತೊಡಗಿದಳು. ಖಡ್ಗ ಹಿಡಿದ ಆಕೆಯ ಚಿತ್ರವನ್ನು ಎಲ್ಲರೂ ಬಲ್ಲರು. ಶುಶ್ರೂಷೆಯ ಪಾಠವನ್ನು ತರ್ಜುಮೆ ಮಾಡುತ್ತಾ ಕುಳಿತ ಚ್ಯೂ ಜಿನ್‌ಳನ್ನು ಬಲ್ಲವರು ಕಡಿಮೆ.

ಹಳ್ಳಿಯ ಹೆಂಗಸರು ಹಾಡಿಸಿ ಕೇಳುವ ಲಾವಣಿಯ ಧಾಟಿಯಲ್ಲಿ ಆಕೆಯು ಒಂದು ದೀರ್ಘ ಕಥೆಯನ್ನೂ ಬರೆಯುತ್ತಿದ್ದಳು. ಅದಕ್ಕೆ ಜಿಂಗ್‌ವೇ ಎಂಬ ಪಕ್ಷಿಯ ಕಲ್ಲುಗಳು ಎಂಬ ಅರ್ಥದ ಹೆಸರನ್ನು ಕೊಟ್ಟಳು. ಪುರಾಣದಲ್ಲಿ ಹೇಳುವ ಪ್ರಕಾರ, ಸಮುದ್ರದಲ್ಲಿ ಮುಳುಗಿ ಸತ್ತ ರಾಜಕುಮಾರಿಯೊಬ್ಬಳು ಸಣ್ಣ ಹಕ್ಕಿಯಾಗಿ ಹುಟ್ಟಿ, ಇನ್ನು ಯಾರೂ ಮುಳುಗಬಾರದೆಂದು, ಬೆಟ್ಟದಿಂದ ಒಂದೊಂದೇ ಕಲ್ಲನ್ನೂ ಕಡ್ಡಿಯನ್ನೂ ಕೊಕ್ಕಿನಲ್ಲಿ ತಂದು ಸಮುದ್ರವನ್ನು ತುಂಬಿಸಲು ಹೊರಟಳು. ನಮ್ಮಲ್ಲಿ ಹೇಳುವ ಅಳಿಲ ಸೇವೆಯು ವಾಚಕರ ನೆನಪಿಗೆ ಬಂದೀತು. ಆದರೆ ಅಳಿಲಿಗೆ ದೊಡ್ಡ ಸೇನೆಯ ಸಹಾಯವಿತ್ತು. ಈ ಹಕ್ಕಿಯು ಒಂಟಿ. ಇಪ್ಪತ್ತು ಅಧ್ಯಾಯಗಳನ್ನು ಬರೆಯಬೇಕೆಂದಿದ್ದ ಆ ಗ್ರಂಥವು ಆರರ ಹತ್ತಿರ ನಿಂತುಹೋಯಿತು.

1907ರ ಆದಿಯಲ್ಲಿ ಷಾವ್‌ಶಿಂಗ್ ಪಟ್ಟಣದ ದಾತುಂಗ್ ಪಾಠಶಾಲೆಯ ಆಡಳಿತವು ಆಕೆಯ ಕೈಗೆ ಬಂತು. ಅದನ್ನು 1905ರಲ್ಲಿ ಆಕೆಯ ಮಿತ್ರನಾದ ಶ್ಯೂ ಶಿಲಿನ್ ಮುಂತಾದವರು ಸ್ಥಾಪಿಸಿದ್ದರು. ಹೊರಗಿನವರಿಗೆ ಅದು ವ್ಯಾಯಾಮದ ಉಪಾಧ್ಯಾಯರನ್ನು ತರಬೇತು ಮಾಡುವ ಶಾಲೆ. ಒಳಗಡೆ ದಂಗೆಗೋಸ್ಕರ ಯುವಕರನ್ನು ಸಿದ್ಧಮಾಡುವ ಸ್ಥಳ. ಬಂದೂಕುಗಳು ಶಾಲೆಯಲ್ಲಿದ್ದವು. ಗಂಡುಡುಪಿನಿಂದ ಕುದುರೆಯ ಮೇಲೆ ಕುಳಿತು ಬೀದಿಯಲ್ಲಿ ಹೋಗುವ ಮುಖ್ಯಸ್ಥೆಯನ್ನು ನೋಡಿ ಪಟ್ಟಣದ ದೊಡ್ಡ ಮನುಷ್ಯರು ಮುಖವನ್ನು ತಿರುಗಿಸಿಕೊಳ್ಳುತ್ತಿದ್ದರು. ಹೆಣ್ಣುಮಕ್ಕಳಿಗೂ ವ್ಯಾಯಾಮದ ಶಿಕ್ಷಣವನ್ನು ಕೊಡಬೇಕೆಂಬ ಆಕೆಯ ಯೋಚನೆಯನ್ನು ಅವರು ಕೈಗೂಡಗೊಡಲಿಲ್ಲ.

ಇಲ್ಲಿಯೂ ನಾವು ನಮ್ಮ ಅಭಿಪ್ರಾಯವನ್ನು ಮುಚ್ಚಿಡುವದಿಲ್ಲ. ತಾಯಿತಂದೆಗಳು ನಂಬಿಕೆಯಿಂದ ಒಪ್ಪಿಸಿದ ಮಕ್ಕಳಿರುವ ಸ್ಥಳದಲ್ಲಿ ಆಯುಧಗಳನ್ನಿಡುವದು ನಮಗೆ ಒಪ್ಪಿಗೆಯಾಗದು. ಕತ್ತಿಯನ್ನು ಹಿರಿಯುವವರ ಕುರಿತು ನಮ್ಮ ಕರ್ತನು ಹೇಳಿದ ಮಾತನ್ನೂ ನಾವು ಮರೆಯಲಾರೆವು. ಆ ವಿದ್ಯಾರ್ಥಿಗಳು ಚಿಕ್ಕ ಮಕ್ಕಳಲ್ಲ, ಬಹುತೇಕರು ತಿಳಿದೇ ಬಂದ ಯುವಕರು ಎಂಬ ಸಮಾಧಾನವುಂಟು. ಪೂರ್ಣ ಸಮಾಧಾನವಲ್ಲ.

ಶ್ಯೂ ಶಿಲಿನನು ಆನ್‌ಹುಯಿ ಪ್ರಾಂತದ ಆನ್‌ಚಿಂಗ್ ಪಟ್ಟಣದಲ್ಲಿಯೂ ಆಕೆಯು ಜೆಜಿಯಾಂಗಿನಲ್ಲಿಯೂ ಒಂದೇ ಕಾಲದಲ್ಲಿ ದಂಗೆಯೇಳಬೇಕೆಂದು ಗೊತ್ತುಮಾಡಿದ್ದರು. ಹಣ ಸಾಲದೆ ಆಕೆಯು ಶ್ಯೂ ಜಿಹುವಾಳ ಬಳಿಗೆ ಹೋದಳು. ಆ ವಿಧವೆಯು ತನ್ನ ಒಡವೆಗಳ ಪೆಟ್ಟಿಗೆಯನ್ನು ತಂದು ಎಲ್ಲವನ್ನೂ ಕೊಟ್ಟಳು. ಅದಕ್ಕೆ ಪ್ರತಿಯಾಗಿ ಚ್ಯೂ ಜಿನ್‌ಳು ತನ್ನ ಕೈಯಲ್ಲಿದ್ದ ಎರಡು ಹಸುರು ಕಲ್ಲಿನ ಬಳೆಗಳನ್ನು ಕಳಚಿ ನೆನಪಿಗಾಗಿ ಆಕೆಗೆ ತೊಡಿಸಿದಳು. ತಾನು ಸತ್ತರೆ ಹಾಂಗ್‌ಚೌ ಪಟ್ಟಣದ ಪಶ್ಚಿಮ ಸರೋವರದ ದಡದಲ್ಲಿ ಮಣ್ಣುಮಾಡಬೇಕೆಂದು ಮೊದಲೇ ಆಕೆಗೆ ಹೇಳಿದ್ದಳು.

1907ನೆಯ ಜುಲೈ 6ರಂದು ಶ್ಯೂ ಶಿಲಿನನು ಗೊತ್ತುಮಾಡಿದ ದಿನಕ್ಕಿಂತ ಮೊದಲೇ ಆನ್‌ಚಿಂಗಿನಲ್ಲಿ ಪ್ರಾಂತಾಧಿಪತಿಯಾದ ಎನ್‌ಮಿಂಗ್ ಎಂಬವನನ್ನು ಗುಂಡಿಟ್ಟು ಕೊಂದನು. ತಾನೂ ಹಿಡಿಯಲ್ಪಟ್ಟು ಕೊಲ್ಲಲ್ಪಟ್ಟನು. ಚ್ಯೂ ಜಿನ್‌ಳು ಈ ಸುದ್ದಿಯನ್ನು ವರ್ತಮಾನಪತ್ರಿಕೆಯಲ್ಲಿ ಓದಿ ತಿಳಿದಳು. ಇನ್ನು ಸೈನ್ಯವು ಷಾವ್‌ಶಿಂಗಿಗೆ ಬರುವದು ನಿಶ್ಚಯ. ಓಡಿಹೋಗೆಂದು ಗೆಳೆಯರೂ ವಿದ್ಯಾರ್ಥಿಗಳೂ ಬೇಡಿಕೊಂಡರು. ಆಕೆಯು ಆಯುಧಗಳನ್ನು ಬಚ್ಚಿಡಿಸಿದಳು, ಕಾಗದಪತ್ರಗಳನ್ನು ಸುಟ್ಟಳು, ವಿದ್ಯಾರ್ಥಿಗಳನ್ನು ಚದರಿಸಿ ಕಳುಹಿಸಿದಳು. ತಾನು ಹೋಗಲಿಲ್ಲ. ಏಕೆ ಹೋಗಲಿಲ್ಲವೆಂಬದಕ್ಕೆ ಆಕೆಯು ಹಿಂದೊಮ್ಮೆ ಬರೆದ ಪತ್ರದಲ್ಲಿ ಉತ್ತರವಿದೆ: ದೇಶಕ್ಕೋಸ್ಕರ ಪ್ರಾಣ ಕೊಟ್ಟ ಗಂಡಸರು ಅನೇಕರಿದ್ದಾರೆ, ಹೆಂಗಸೊಬ್ಬಳೂ ಇಲ್ಲವೆಂಬದು ಸ್ತ್ರೀಕುಲಕ್ಕೆ ಅವಮಾನವೆಂದು ಆಕೆಯು ಭಾವಿಸಿದ್ದಳು. ಆಕೆಯ ಊರಿನವನೇ ಆದ, ಅದೇ ಕಾಲದಲ್ಲಿ ಜಪಾನಿನಲ್ಲಿದ್ದ ಲೂ ಶುನ್ ಎಂಬ ಮಹಾ ಲೇಖಕನು ಎಷ್ಟೋ ವರುಷಗಳ ಮೇಲೆ, ಆಕೆಯು ಜನರ ಚಪ್ಪಾಳೆಯಿಂದಲೇ ಸತ್ತಳೆಂಬ ಅರ್ಥದ ಮಾತನ್ನು ಬರೆದನು. ಮಕ್ಕಳ ಭಾಷಣಗಳಿಗೆ ವರುಷಕ್ಕೆ ಎಷ್ಟೋ ಸಾರಿ ಚಪ್ಪಾಳೆ ತಟ್ಟುವವರು ನಾವು. ಆ ಮಾತನ್ನು ಓದಿದ ದಿನ ನಮಗೆ ಬಹಳ ಹೊತ್ತು ಬೇರೆ ಕೆಲಸವು ಸಾಗಲಿಲ್ಲ.

ಜುಲೈ 13ರಂದು ಸೈನಿಕರು ಶಾಲೆಯನ್ನು ಮುತ್ತಿದರು. ಆಕೆಯೂ ಬೇರೆ ಕೆಲವರೂ ಹಿಡಿಯಲ್ಪಟ್ಟರು. ಜಿಲ್ಲೆಯ ಅಧಿಕಾರಿಯು ಗುಯಿಫು ಎಂಬ ಮಂಚು. ಅವನ ಕೈಕೆಳಗಿನ ನ್ಯಾಯಾಧಿಕಾರಿಯಾದ ಲೀ ಝೊಂಗ್‌ಯೂ ಎಂಬವನು ಆಕೆಯನ್ನು ಮರ್ಯಾದೆಯಿಂದ ವಿಚಾರಿಸಿದನು. ಚಿತ್ರಹಿಂಸೆ ಕೊಡಲು ಒಪ್ಪಲಿಲ್ಲ. ಬರೆದುಕೊಡೆಂದು ಕಾಗದವನ್ನಿಟ್ಟಾಗ ಆಕೆಯು ತಪ್ಪೊಪ್ಪಿಗೆಯ ಬದಲಾಗಿ ತನ್ನ ಮನೆತನದ ಹೆಸರಾದ ಶರತ್ಕಾಲವನ್ನೇ ಕುರಿತ ಏಳು ಅಕ್ಷರಗಳ ಒಂದು ಪದ್ಯದ ಸಾಲನ್ನು ಬರೆದಳೆಂದು ಹೇಳುತ್ತಾರೆ. ಯಾರ ಹೆಸರನ್ನೂ ಹೇಳಲಿಲ್ಲ. ಜುಲೈ 15ರ ಬೆಳಗಿನ ಜಾವದಲ್ಲಿ, ಷಾವ್‌ಶಿಂಗ್ ಪೇಟೆಯ ನಡುವಿನ ಶ್ಯುಆನ್‌ಟಿಂಗ್ ಎಂಬ ಚೌಕದಲ್ಲಿ, ಆಕೆಯ ತಲೆಯನ್ನು ಕಡಿದರು. ತನ್ನ ಕೈಯಿಂದ ಅನ್ಯಾಯವಾಯಿತೆಂಬ ದುಃಖವನ್ನು ಸಹಿಸಲಾರದೆ ಕೆಲಸವನ್ನು ಕಳಕೊಂಡಿದ್ದ ಲೀ ಝೊಂಗ್‌ಯೂ ಅದೇ ವರುಷ ಆತ್ಮಹತ್ಯ ಮಾಡಿಕೊಂಡನು. ಈ ಚರಿತ್ರೆಯಲ್ಲಿ ನಮಗೆ ಅತ್ಯಂತ ಮರುಕ ಹುಟ್ಟಿಸುವವರಲ್ಲಿ ಆತನೊಬ್ಬನು.

ಸರಿಯಾದ ಸಾಕ್ಷಿಯಿಲ್ಲದೆ ವಿದ್ಯಾವತಿಯಾದ ಒಬ್ಬ ಸ್ತ್ರೀಯನ್ನು ಹೀಗೆ ಕೊಂದದ್ದಕ್ಕಾಗಿ ಶಾಂಗೈ ಪತ್ರಿಕೆಗಳು ಸರಕಾರವನ್ನು ಖಂಡಿಸಿದವು. ಜೆಜಿಯಾಂಗಿನ ಪ್ರಾಂತಾಧಿಪತಿಯನ್ನು ನ್ಯಾಯ ವಿಚಾರಿಸದೆ ನೆರೆಯ ಜಿಯಾಂಗ್‌ಸು ಪ್ರಾಂತಕ್ಕೆ ವರ್ಗಮಾಡಿದಾಗ ಅಲ್ಲಿಯ ಜನರು ಅವನು ತಮಗೆ ಬೇಡವೆಂದರು. ಇನ್ನೊಂದು ವಿಚಿತ್ರ: ಅದೇ 1907ರ ಮಾರ್ಚಿಯಲ್ಲಿ ಮಂಚು ಸರಕಾರವು ಹೆಣ್ಣುಮಕ್ಕಳ ಶಾಲೆಗಳಿಗೆ ಮೊದಲನೆಯ ನಿಯಮಾವಳಿಯನ್ನು ಹೊರಡಿಸಿ, ಶಾಲೆಗೆ ಬರುವವರು ಪಾದ ಕಟ್ಟಬಾರದೆಂದು ವಿಧಿಸಿತ್ತು. ಒಂದು ಕೈಯಿಂದ ಶಾಲೆಯನ್ನು ತೆರೆದು ನಾಲ್ಕು ತಿಂಗಳಲ್ಲಿ ಇನ್ನೊಂದು ಕೈಯಿಂದ ಶಾಲೆಯ ಮುಖ್ಯಸ್ಥೆಯನ್ನು ಕೊಂದಿತು.

ಹೆದರಿದ ಬಂಧುಗಳು ಹೆಣವನ್ನು ತೆಗೆದುಕೊಳ್ಳಲು ಮುಂದೆ ಬರಲಿಲ್ಲವಾದಕಾರಣ ಧರ್ಮಸಂಸ್ಥೆಯವರು ತೆಳು ಹಲಗೆಯ ಪೆಟ್ಟಿಗೆಯಲ್ಲಿಟ್ಟು ಬೆಟ್ಟದ ಬುಡದಲ್ಲಿ ಹೂಳಿದ್ದರು. ಆದರೆ ಆ ಇಬ್ಬರು ಗೆಳತಿಯರು ಹೆದರಲಿಲ್ಲ. ವೂ ಜಿಯಿಂಗಳೂ ಶ್ಯೂ ಜಿಹುವಾಳೂ ಪಶ್ಚಿಮ ಸರೋವರದ ದಡದಲ್ಲಿ ನೆಲವನ್ನು ಕೊಂಡು, 1908ರ ಜನವರಿಯಲ್ಲಿ ಆಕೆಯ ಇಷ್ಟದಂತೆ ಅಲ್ಲಿ ಸಮಾಧಿ ಮಾಡಿಸಿದರು. ಶಿಲಾಲೇಖದ ಮಾತುಗಳನ್ನು ಒಬ್ಬಳು ರಚಿಸಿದಳು, ಮತ್ತೊಬ್ಬಳು ತನ್ನ ಅಂದವಾದ ಲಿಪಿಯಲ್ಲಿ ಬರೆದಳು. ರಾಜದ್ರೋಹಿಗೆ ಸಮಾಧಿ ಕಟ್ಟಿದವರನ್ನು ದಂಡಿಸಬೇಕೆಂದು ಒಬ್ಬ ಅಧಿಕಾರಿಯು ಚಕ್ರವರ್ತಿಯ ಸನ್ನಿಧಾನಕ್ಕೆ ದೂರು ಕೊಟ್ಟನು. ಆಗ ಪೆಕಿಂಗಿನ ಹತ್ತಿರ ಮಿಶನಿನ ಹೆಣ್ಣುಮಕ್ಕಳ ಶಾಲೆಯ ಮುಖ್ಯಸ್ಥೆಯಾಗಿದ್ದ ಲುವೆಲಾ ಮೈನರ್ ಎಂಬ ಅಮೆರಿಕದ ಸ್ತ್ರೀಯು ವೂ ಜಿಯಿಂಗಳ ಪರವಾಗಿ ಪತ್ರಿಕೆಯಲ್ಲಿ ಬರೆದಳು. ಅಧಿಕಾರಿಗಳು ಗೆಳತಿಯರನ್ನು ಮುಟ್ಟಲಿಲ್ಲ. ಸಮಾಧಿಯನ್ನು ಮಾತ್ರ ಕೆಡವಿಸಿದರು. ಪೆಟ್ಟಿಗೆಯು ಷಾವ್‌ಶಿಂಗಿಗೂ, ಅಲ್ಲಿಂದ ಗಂಡನ ಊರಿಗೂ ಹೋಯಿತು. 1911ರಲ್ಲಿ ಮಂಚು ಆಳಿಕೆಯು ಬಿದ್ದುಹೋಗಿ 1912ರಲ್ಲಿ ಪ್ರಜಾಪ್ರಭುತ್ವವು ಸ್ಥಾಪನೆಯಾದ ಮೇಲೆ ಮತ್ತೆ ಸರೋವರದ ದಡಕ್ಕೆ ಬಂತು. ಅದೇ ವರುಷ ಹೊಸ ಸರಕಾರವು ಪಾದ ಕಟ್ಟುವದನ್ನು ನಿಷೇಧಿಸಿತು. ಹಳ್ಳಿಗಳಲ್ಲಿ ಆ ಪದ್ಧತಿಯು ಪೂರ್ತಿಯಾಗಿ ಅಡಗಲು ಇನ್ನೂ ಹಲವು ವರುಷಗಳು ಹಿಡಿದವು. 1964ರಲ್ಲಿ ಸಮಾಧಿಯನ್ನು ಮತ್ತೊಮ್ಮೆ ಅಲ್ಲಿಂದ ತೆಗೆದರು. 1981ರಲ್ಲಿ ತಿರಿಗಿ ಸರೋವರದ ದಡಕ್ಕೆ ತಂದು ಮೇಲೆ ಬಿಳಿಯ ಕಲ್ಲಿನ ಪ್ರತಿಮೆಯನ್ನು ನಿಲ್ಲಿಸಿದರು.

ಇನ್ನು ಆ ಮಗಳ ಸಂಗತಿ. ಅವಳ ಹೆಸರು ವಾಂಗ್ ತ್ಸಾನ್‌ಜಿ. ತಾಯಿಯು ಸತ್ತಾಗ ಅವಳಿಗೆ ಆರು ವರುಷ; 1909ರಲ್ಲಿ ತಂದೆಯೂ ಸತ್ತನು. ಹುನಾನಿನಲ್ಲಿ ತಂದೆಯ ಮನೆಯವರು ಸಾಕಿದರು. ಅಷ್ಟರಲ್ಲಿ ಚ್ಯೂ ಜಿನ್‌ಳ ಗೆಳೆಯರು 1912ರಲ್ಲಿ ಶಾಂಗೈ ಪಟ್ಟಣದಲ್ಲಿ ಆಕೆಯ ಜಿಂಗ್‌ಶಿಯುಂಗ್ ಎಂಬ ಹೆಸರಿನಲ್ಲಿ ಹೆಣ್ಣುಮಕ್ಕಳ ಶಾಲೆಯೊಂದನ್ನು ತೆರೆದಿದ್ದರು. ಶ್ಯೂ ಜಿಹುವಾಳು ಅದರ ಮುಖ್ಯಸ್ಥೆಯಾಗಿ ಸುಮಾರು ಹದಿನೈದು ವರುಷ, ಹಣದ ಅಡಚಣೆಯ ನಡುವೆ, ಅದನ್ನು ನಡಿಸಿದಳು. ಆ ಹದಿನೈದು ವರುಷಗಳ ಕುರಿತು ಯಾರೂ ನಾಟಕವನ್ನು ಬರೆದಿಲ್ಲ. ಬೆಳೆದ ಮಗಳು ಶಾಂಗೈ ಪಟ್ಟಣಕ್ಕೆ ಬಂದಾಗ ಮುದುಕಿಯಾಗುತ್ತಾ ಬಂದಿದ್ದ ಶ್ಯೂ ಜಿಹುವಾಳು ಶಾಲೆಯನ್ನು ಅವಳಿಗೆ ಒಪ್ಪಿಸಿದಳು. ಇಪ್ಪತ್ತು ವರುಷ ಜೋಪಾನವಾಗಿ ಕಾದಿಟ್ಟಿದ್ದ ಆ ಎರಡು ಹಸುರು ಬಳೆಗಳನ್ನು ಹೊರಗೆ ತೆಗೆದು, ತಾಯಿಯದೆಂದು ಹೇಳಿ, ಮಗಳ ಕೈಗೆ ಕೊಟ್ಟಳು. ಬಳೆಗಳನ್ನು ಹಿಂದಕ್ಕೆ ಕೊಟ್ಟ ಸಂಗತಿಯನ್ನು ಆಕೆಯು ಒಂದು ಚಿಕ್ಕ ಲೇಖನವಾಗಿ ಬರೆದಿಟ್ಟಿದ್ದಾಳೆ. ಮಗಳು ಮುಂದೆ ಅಮೆರಿಕಕ್ಕೆ ಹೋಗಿ ವಿಮಾನವಿದ್ಯೆಯನ್ನು ಕಲಿತು ಬಂದಳು.